ತಾಮ್ರಶಾಸನದ ಬೆನ್ನು ನೋಡಿದ್ದೀರಾ?

ಭಾಗ 1/8 – ಅಟ್ಟದ ಮೇಲಿನ ಚೊಂಬು

ಒಂದು ನಿಮಿಷ ಫೋನ್ ಪಕ್ಕಕ್ಕಿಟ್ಟು ಅಡುಗೆಮನೆಗೆ ಹೋಗಿ ಬನ್ನಿ. ಅಟ್ಟದ ಮೇಲಿರೋ ಹಳೇ ಹಿತ್ತಾಳೆ ಚೊಂಬೋ, ಸ್ಟೀಲ್ ಡಬ್ಬಿಯೋ, ಯಾವುದಾದ್ರೂ ಒಂದನ್ನ ಕೈಗೆ ತಗೊಂಡು ಕಂಠದ ಹತ್ರ ಬೆರಳಾಡಿಸಿ. ಸಣ್ಣ ಸಣ್ಣ ಚುಕ್ಕಿಗಳು ಸಿಗುತ್ತವೆ. ಬೆಳಕಿಗೆ ಹಿಡಿದು ಓದಿದ್ರೆ ಅಜ್ಜಿಯ ಹೆಸರು, ಇಲ್ಲಾ ತಾತನ ಇನಿಷಿಯಲ್, ಇಲ್ಲಾ ಮದುವೆಗೆ ಉಡುಗೊರೆ ಕೊಟ್ಟ ಸೋದರಮಾವನ ಹೆಸರು ಮತ್ತು ತಾರೀಕು.

ಈಗ ಪಾತ್ರೆ ಅಂಗಡಿಯಲ್ಲಿ ಕರೆಂಟ್ ಪೆನ್ ಇದೆ. ಗುಂಯ್ ಅಂತ ಒಂದು ನಿಮಿಷಕ್ಕೆ ಕೆಲಸ ಮುಗಿಯುತ್ತೆ. ಮೊದಲು ಹಾಗಿರಲಿಲ್ಲ. ಹೆಸರು ಹಾಕುವವರು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು, ಪಾತ್ರೆಯನ್ನ ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಒಂದು ಕೈಲಿ ಉಳಿ, ಇನ್ನೊಂದು ಕೈಲಿ ಸಣ್ಣ ಸುತ್ತಿಗೆ ಹಿಡಿದು ಟಕ್ ಟಕ್ ಅಂತ ಹೊಡೀತಿದ್ರು. ಸುತ್ತ ನಿಂತ ಹುಡುಗರು ನಾವೆಲ್ಲ ಉಳಿ ನೋಡ್ತಿದ್ವಿ. ಪಾದ ಯಾರೂ ನೋಡಲಿಲ್ಲ.

ನಾನೂ ನೋಡಲಿಲ್ಲ. ಅದರ ಗುರುತು ಇವತ್ತಿಗೂ ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿದೆ. ಕೆಲವು ವರ್ಷಗಳ ಹಿಂದೆ ಕೈಯಿಂದ ಕೆತ್ತೋದು ಕಲಿಯಬೇಕು ಅನ್ನೋ ಆಸೆ ಹುಟ್ಟಿ, ಒಂದು ಹಿತ್ತಾಳೆ ತಗಡನ್ನ ಎಡಗೈಲೇ ಒತ್ತಿ ಹಿಡ್ಕೊಂಡು ಬಲಗೈಲಿ ಉಳಿ ತಳ್ಳಿದೆ. ಉಳಿ ಜಾರಿತು. ಮೂರು ಹೊಲಿಗೆ.

ಆಮೇಲೆ ಗೊತ್ತಾಯ್ತು, ಕೆತ್ತೋ ಲೋಹವನ್ನ ಹಿಡಿಯೋದಕ್ಕೇ ಒಂದು ಸಾಧನ ಇದೆ ಅಂತ. ಬಾಲ್ ವೈಸ್ ಅಂತಾರೆ, ಗುಂಡಗಿನ ಭಾರದ ಕಬ್ಬಿಣದ ಹಿಡಿಕೆ. ಬೆಲೆ ನೋಡಿದೆ. ಸಾವಿರಾರು ರೂಪಾಯಿ. ಹೊರದೇಶದ ಒಳ್ಳೇದಾದ್ರೆ ಅದರ ಎಷ್ಟೋ ಪಟ್ಟು. ಫೋನ್ ಆಫ್ ಮಾಡಿ ಮಲಗಿದೆ.

ಮಲಗಿದ ಮೇಲೆ ಒಂದು ಪ್ರಶ್ನೆ ಕಾಡಿತು. ನಮ್ಮ ನಾಡಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ತಾಮ್ರದ ಮೇಲೆ ಅಕ್ಷರ ಕೆತ್ತಿದ್ದಾರಲ್ಲ, ಅವರ ಹತ್ರ ಈ ವೈಸ್ ಇತ್ತಾ? ಇಲ್ಲದಿದ್ರೆ ಯಾವುದರಿಂದ ಹಿಡಿದ್ರು?

ಈ ಸರಣಿ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು. ಕೊನೆಯ ಮೂರು ಭಾಗದಲ್ಲಿ ನೀವೇ ಮನೇಲಿ ಮಾಡ್ಕೊಳ್ಳೋ ಹಿಡಿಕೆಗಳಿವೆ. ಆದ್ರೆ ದಯವಿಟ್ಟು ನೇರ ಅಲ್ಲಿಗೆ ಹಾರಬೇಡಿ.

ಭಾಗ 2/8 – ಹೆಸರು ಬಿಟ್ಟು ಹೋದವರು

ಕೆತ್ತುವ ಕೆಲಸಕ್ಕೆ ಹಳಗನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ: ಕಂಡರಿಸು. ಶಾಸನಗಳ ಕೊನೆಯಲ್ಲಿ ಸಿಗುತ್ತೆ. ಶಾಸನ ಅಂದ್ರೆ ಒಬ್ಬರ ಕೆಲಸ ಅಲ್ಲ. ಪಠ್ಯ ರಚಿಸಿದವನು ಒಬ್ಬ, ಅದನ್ನ ಕಲ್ಲಿನ ಮೇಲೋ ತಗಡಿನ ಮೇಲೋ ಬರೆದವನು ಇನ್ನೊಬ್ಬ, ಬರೆದ ಗೆರೆಯ ಮೇಲೆ ಉಳಿ ಓಡಿಸಿ ಕಂಡರಿಸಿದವನು ಮತ್ತೊಬ್ಬ ಆಗಿರೋದುಂಟು. ಎಷ್ಟೋ ಸಲ ಈ ಕೊನೆಯವನೂ ತನ್ನ ಹೆಸರು ಬಿಟ್ಟು ಹೋಗಿದ್ದಾನೆ.

ತಲಕಾಡಿನ ಗಂಗರ ತಾಮ್ರಶಾಸನಗಳಲ್ಲಿ ವಿಶ್ವಕರ್ಮಾಚಾರ್ಯ ಅನ್ನೋ ಹೆಸರು ಬರುತ್ತೆ. ವಿಜಯನಗರದ ಅಚ್ಯುತರಾಯನ ಕಾಲದ ತಾಮ್ರಪಟಗಳಲ್ಲಿ ಮಲ್ಲಣನ ಮಗ ವೀರಣಾಚಾರ್ಯ ಸಿಗುತ್ತಾನೆ. ಕೆಲವು ಶಾಸನಗಳಲ್ಲಿ ಕೆತ್ತಿದವನಿಗೆ ದಾನದ ಭೂಮಿಯಲ್ಲಿ ಒಂದು ಪಾಲೂ ಸಂದಿದೆ. ಕಲ್ಲಿನ ಕಡೆ ಬಂದ್ರೆ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಹೊಯ್ಸಳರ ಎಷ್ಟೋ ಗುಡಿಗಳಲ್ಲಿ ಮಲ್ಲಿತಮ್ಮ. ಇವರೆಲ್ಲ ಎದೆ ಸೆಟೆಸಿ ಸಹಿ ಹಾಕಿದವರು.

ನಮ್ಮ ತುಮಕೂರು ಜಿಲ್ಲೆಯ ಶಾಸನಗಳನ್ನ ಒಂದೆಡೆ ಸೇರಿಸಿ ಅಚ್ಚು ಹಾಕಿಸಿದ್ದು ಬಿ. ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ, 1904. ಶಿರಾ, ಮಧುಗಿರಿ, ಪಾವಗಡ ಎಲ್ಲವೂ ಅದರಲ್ಲಿವೆ. ನಿಮ್ಮೂರಿನ ಕಲ್ಲು ಅದರಲ್ಲಿದೆಯಾ ಅಂತ ಒಮ್ಮೆ ಹುಡುಕಿ ನೋಡಿ, ಒಳ್ಳೇ ಅನುಭವ.

ಈ ಎಲ್ಲಾ ಸಹಿಗಳಲ್ಲಿ ಒಂದು ಸಂಗತಿ ಗಮನಿಸಿ. ರಾಜನ ಹೆಸರಿದೆ, ಕವಿಯ ಹೆಸರಿದೆ, ಕೆತ್ತಿದವನ ಹೆಸರಿದೆ. ತಗಡನ್ನ ಯಾವುದರ ಮೇಲೆ ಇಟ್ಟು ಕೆತ್ತಿದ ಅನ್ನೋದು ಅವನು ಹೇಳಿಲ್ಲ. ಹೇಳೋ ಅಗತ್ಯ ಅವನಿಗೆ ಕಂಡಿರಲಿಕ್ಕಿಲ್ಲ. ರೊಟ್ಟಿ ತಟ್ಟೋರು ಮಣೆಯ ಬಗ್ಗೆ ಮಾತಾಡ್ತಾರಾ?

ಆದ್ರೆ ಅವನು ಹೇಳದೆ ಹೋದದ್ದನ್ನ ತಗಡು ಹೇಳುತ್ತೆ. ಮುಂದಿನ ಭಾಗ ನೋಡಿ.

ಭಾಗ 3/8 – ಬೆನ್ನು ಹೇಳೋ ಸಾಕ್ಷಿ

ತಾಮ್ರಶಾಸನದ ಚಿತ್ರ ಪುಸ್ತಕದಲ್ಲಿ ನೋಡಿರ್ತೀರಿ. ಎಲೆಗಳ ಹಾಗೆ ಕೆಲವು ತಗಡು, ಅವುಗಳ ತೂತಿನಲ್ಲಿ ಪೋಣಿಸಿದ ಬಳೆ, ಬಳೆಯ ಮೇಲೆ ರಾಜಮುದ್ರೆ. ಎಷ್ಟೋ ತಗಡುಗಳ ಅಂಚನ್ನ ಸ್ವಲ್ಪ ಎತ್ತರಿಸಿರ್ತಾರೆ, ಒಂದಕ್ಕೊಂದು ಉಜ್ಜಿ ಅಕ್ಷರ ಸವೆಯದಿರಲಿ ಅಂತ.

ಕನ್ನಡನಾಡಿನ ಶಾಸನಗಳ ಮೇಲೆ ಬಹಳ ಕೆಲಸ ಮಾಡಿದ ಜೆ. ಎಫ್. ಫ್ಲೀಟ್ ಅನ್ನೋ ವಿದ್ವಾಂಸ, ತಾಮ್ರಪಟಗಳನ್ನ ವರ್ಣಿಸುವಾಗ ಎರಡು ಸಂಗತಿಗಳನ್ನ ಮತ್ತೆ ಮತ್ತೆ ಗುರುತು ಹಾಕ್ತಾರೆ. ಒಂದು, ತೆಳು ತಗಡಾದ್ರೆ ಅಕ್ಷರಗಳು ಹಿಂಬದಿಗೂ ಮೂಡಿ ಕಾಣುತ್ತವೆ. ಎರಡು, ಅಕ್ಷರದ ಗೆರೆಯ ಒಳಗೆ ಉಳಿ ಓಡಿದ ಗುರುತು ಉಳಿದಿರುತ್ತೆ. ಓದುಗರಿಗೆ ಬೇಕಾಗೋದು ರಾಜನ ವಂಶಾವಳಿ, ಹಾಗಾಗಿ ಈ ಸಾಲುಗಳನ್ನ ದಾಟಿ ಹೋಗ್ತೀವಿ.

ಸ್ವಲ್ಪ ನಿಲ್ಲಿ. ಮನೇಲೇ ಒಂದು ಪರೀಕ್ಷೆ ಮಾಡಿ. ತೆಳು ಅಲ್ಯೂಮಿನಿಯಂ ಹಾಳೆ ತಗೊಳ್ಳಿ. ಗ್ರಾನೈಟ್ ಕಟ್ಟೆ ಮೇಲಿಟ್ಟು ಬರೆಯೋದು ನಿಂತ ಬಾಲ್ ಪೆನ್‌ನಲ್ಲಿ ಒತ್ತಿ ಒಂದು ಗೆರೆ ಎಳೆಯಿರಿ. ತಿರುಗಿಸಿ ನೋಡಿದ್ರೆ ಹಿಂಬದಿಯಲ್ಲಿ ಹೆಚ್ಚೇನೂ ಇಲ್ಲ. ಈಗ ಅದೇ ಹಾಳೆಯನ್ನ ಮಡಿಸಿದ ಟವೆಲ್ ಮೇಲಿಟ್ಟು ಅಷ್ಟೇ ಒತ್ತಿ ಎಳೆಯಿರಿ. ಗೆರೆ ಹಿಂದಕ್ಕೆ ಉಬ್ಬಿ ಬಂತು ಅಲ್ವಾ?

ಲೋಹ ಹಿಂದಕ್ಕೆ ಉಬ್ಬಬೇಕಾದ್ರೆ ಅದರ ಕೆಳಗಿದ್ದದ್ದು ಸ್ವಲ್ಪವಾದ್ರೂ ಜಾಗ ಬಿಟ್ಟುಕೊಡಬೇಕು. ಗಟ್ಟಿ ಕಬ್ಬಿಣದ ಅಡಿಗಲ್ಲು ಜಾಗ ಬಿಡಲ್ಲ. ಮರ ಬಿಡುತ್ತೆ, ಮರಳು ಬಿಡುತ್ತೆ, ಅರಗು ಬಿಡುತ್ತೆ. ಅಂದ್ರೆ ಅಕ್ಷರ ಬೆನ್ನಿಗೆ ಮೂಡಿದ ಪ್ರತಿಯೊಂದು ತಗಡೂ ಒಂದೇ ಮಾತು ಹೇಳ್ತಿದೆ: ನನ್ನನ್ನ ಮೆತ್ತನೆಯ ಯಾವುದೋ ಒಂದರ ಮೇಲೆ ಮಲಗಿಸಿದ್ರು.

ಮರ, ಮರಳು, ಅರಗು. ಮೂರರಲ್ಲಿ ಯಾವುದಕ್ಕೂ ದೊಡ್ಡ ದುಡ್ಡಿಲ್ಲ. ಇದು ನೆನಪಿರಲಿ.

ಭಾಗ 4/8 – ಉಳಿಯ ಉಕ್ಕು ನಮ್ಮೂರದ್ದೇ

ಈಗ ನಮ್ಮ ಸೀಮೆಗೆ ಬರೋಣ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ಕಂಪನಿ ವೈದ್ಯ ಮೈಸೂರು ಸೀಮೆ ಸುತ್ತಿದ. ಶಿರಾಕ್ಕೂ ಬಂದ, ಮಧುಗಿರಿಗೂ ಬಂದ. ಬೆಳೆ, ತೆರಿಗೆ, ಮಗ್ಗ, ಕುಲುಮೆ, ಕಂಡದ್ದನ್ನೆಲ್ಲ ಬರೆದುಕೊಂಡ. 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು.

ಮಧುಗಿರಿ, ಚನ್ನರಾಯನದುರ್ಗದ ಸುತ್ತ ಆಗ ಕಬ್ಬಿಣ ಕರಗಿಸೋ ಕುಲುಮೆಗಳಿದ್ದವು. ಅದಿರಿಗೆ ಗಣಿ ತೋಡಿದ್ದಲ್ಲ. ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತರೋ ಕಪ್ಪು ಮರಳನ್ನ ತೊಳೆದು ಬಳಸ್ತಿದ್ರು. ಹಾಗೆ ಬಂದ ಕಬ್ಬಿಣದ ತುಂಡನ್ನ ಸುಡದ ಮಣ್ಣಿನ ಸಣ್ಣ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ ಮತ್ತು ಒಂದು ಬಳ್ಳಿಯ ಎರಡು ಹಸಿ ಎಲೆ ಹಾಕಿ, ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸಿದ್ರೆ ಉಕ್ಕು. ಕಡ್ಡಿ ಮತ್ತು ಎಲೆ ಸುಟ್ಟು ಬರೋ ಇಂಗಾಲ ಕಬ್ಬಿಣದೊಳಗೆ ಸೇರಿ ಅದನ್ನ ಗಡುಸು ಮಾಡುತ್ತೆ. ತಂಗಡಿ ಗೊತ್ತಲ್ಲ, ರಸ್ತೆ ಬದಿ ಹಳದಿ ಹೂ ಬಿಡೋ ಗಿಡ. ಬುಕ್ಕಾಪಟ್ಟಣದಿಂದ ಶಿರಾ ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ರೆ ಸಾಕು, ಕಾಣುತ್ತೆ.

ಆ ಉಕ್ಕು ಯಾತಕ್ಕೆ ಹೋಗ್ತಿತ್ತು ಅಂತಲೂ ಬುಕನನ್ ಬರೆದಿದ್ದಾನೆ. ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ, ವಾದ್ಯಗಳ ತಂತಿಗೆ.

ಉಳಿಯ ಕಥೆ ಹೀಗೆ ಕಡ್ಡಿ ಲೆಕ್ಕ, ಎಲೆ ಲೆಕ್ಕದವರೆಗೆ ದಾಖಲಾಗಿದೆ. ಯಾಕಂದ್ರೆ ಉಕ್ಕು ಮಾರಾಟದ ಸರಕು, ಅದಕ್ಕೆ ತೂಕ ಇದೆ, ಬೆಲೆ ಇದೆ, ಸುಂಕ ಇದೆ. ಉಳಿಯ ಎದುರು ಕೂತ ಅರಗು, ಮರಳಿನ ಚೀಲ, ಮರದ ಬೆಣೆ ಸಂತೆಗೆ ಹೋಗಲಿಲ್ಲ. ಕೆಲಸಗಾರ ತನಗೆ ಬೇಕಾದಷ್ಟು ತಾನೇ ಮಾಡ್ಕೊಂಡ, ಹಳೇದಾದಾಗ ಕರಗಿಸಿ ಮತ್ತೆ ಮಾಡ್ಕೊಂಡ. ಅಗ್ಗವಾಗಿದ್ದಕ್ಕೇ ಅದು ಚರಿತ್ರೆಯಿಂದ ಜಾರಿ ಹೋಯ್ತು.

ಭಾಗ 5/8 – ಬಾಗಿಲು ಮುಚ್ಚಿದ್ದು ಹೇಗೆ

ದಾಖಲಾಗದೇ ಇದ್ರೂ ಈ ವಿದ್ಯೆ ಸತ್ತಿಲ್ಲ. ಬೀದರಿಗೆ ಹೋಗಿ ನೋಡಿ. ಬಿದ್ರಿ ಕೆಲಸದಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತದ ನೀರು ಹಚ್ಚಿ ಮೇಲ್ಮೈ ಕಪ್ಪು ಮಾಡಿಕೊಳ್ತಾರೆ. ಆಗ ಉಳಿ ಓಡಿದ ಕಡೆ ಗೆರೆ ಬೆಳ್ಳಗೆ ಎದ್ದು ಕಾಣುತ್ತೆ. ಕೆತ್ತುವಾಗ ಪಾತ್ರೆ ಅಲುಗದ ಹಾಗೆ ಮೇಣ, ರಾಳದಂಥ ಅಂಟಿನಲ್ಲಿ ಅದನ್ನ ಕೂರಿಸ್ತಾರೆ. ಆಮೇಲೆ ಗೆರೆಯೊಳಗೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ. ಬೆಳ್ಳಿಯನ್ನ, ಮಣ್ಣನ್ನ ಎಲ್ಲರೂ ಹೊಗಳ್ತಾರೆ. ಅಂಟನ್ನ ಯಾರೂ ಹೊಗಳಲ್ಲ.

ಯುರೋಪಿನವರೂ ಬೇರೆಯಲ್ಲ. ಪುಸ್ತಕಕ್ಕೆ ಚಿತ್ರ ಅಚ್ಚು ಹಾಕಲು ತಾಮ್ರದ ಫಲಕ ಕೆತ್ತುತ್ತಿದ್ದವರು ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಫಲಕ ಇಟ್ಟುಕೊಳ್ತಿದ್ರು. ಗೆರೆ ಬಾಗಬೇಕಾದ್ರೆ ಉಳಿಯನ್ನ ತಿರುಗಿಸಲ್ಲ. ಉಳಿ ಹಿಡಿದ ಕೈ ಅಲ್ಲೇ ಇರುತ್ತೆ, ಎಡಗೈ ಫಲಕವನ್ನೇ ತಿರುಗಿಸುತ್ತೆ. ಈ ಒಂದು ಗುಟ್ಟು ನನಗೆ ಮೊದಲೇ ಗೊತ್ತಿದ್ದಿದ್ರೆ ಮೂರು ಹೊಲಿಗೆ ತಪ್ಪುತ್ತಿತ್ತು.

ಹಾಗಾದ್ರೆ ನನಗೆ ಯಾಕೆ ಗೊತ್ತಿರಲಿಲ್ಲ? ಇಲ್ಲಿ ನೇರವಾಗಿ ಒಂದು ಮಾತು ಹೇಳಬೇಕು. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ, ಈ ಐದು ಕೆಲಸಗಳ ಅರಿವು ನಮ್ಮಲ್ಲಿ ಮನೆತನದೊಳಗೇ ಹರಿದು ಬಂತು. ಅಪ್ಪನ ಪಕ್ಕ ಕೂತ ಮಗ ಅರಗು ಕಾಯಿಸೋದನ್ನ ಕಣ್ಣಲ್ಲೇ ಕಲಿತ. ಬರೆದಿಡೋ ಅಗತ್ಯ ಬೀಳಲಿಲ್ಲ. ಹೊರಗಿನವರಿಗೆ ಆ ಬಾಗಿಲು ಯಾವತ್ತೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಆ ಮನೆಗಳ ಒಳಗೂ ಉಳಿ ಸಿಗೋದು ಅಪರೂಪ.

ಆಮೇಲೆ ಒಳಗಿನ ಬಾಗಿಲೂ ಮುಚ್ಚತೊಡಗಿತು. ಪಾತ್ರೆ ಕಾರ್ಖಾನೆಯಿಂದ ಬಂತು, ಒಡವೆ ಮಷೀನಿಂದ ಬಂತು. ಮಗ ಪೀಣ್ಯಕ್ಕೆ ಹೋಗಿ ಲೇತ್ ಮುಂದೆ ನಿಂತ. ಉಳಿಗಳು ಪೆಟ್ಟಿಗೆಯಲ್ಲಿ ಉಳಿದವು. ಅರಗನ್ನ ಯಾರೂ ಮತ್ತೆ ಕರಗಿಸಲಿಲ್ಲ.

ಇವತ್ತು ಆ ಮನೆತನದ ಮೊಮ್ಮಗಳೂ, ಯಾವ ಕುಲುಮೆಯನ್ನೂ ಕಾಣದ ನಾನೂ, ಒಂದೇ ಫೋನಿನ ಪರದೆ ಮುಂದೆ ಕೂತು ಒಂದೇ ಬೆಲೆ ನೋಡಿ ಸುಮ್ಮನಾಗ್ತೀವಿ. ಆ ಬೆಲೆ ಕೊಡದೆ ಶುರು ಮಾಡೋ ದಾರಿ ಹಳಬರ ಹತ್ರ ಇತ್ತು. ಅದನ್ನ ಜಾತಿ, ಮನೆ ಕೇಳದೆ ಎಲ್ಲರ ಮುಂದೆ ಬರೆದಿಡಬೇಕು ಅನ್ನೋದೇ ಈ ಸರಣಿಯ ಹಟ.

ಭಾಗ 6/8 – ಮೊದಲ ಹಿಡಿಕೆ: ಅರಗಿನ ಕಡ್ಡಿ

ಅರಗು ಅಂದ್ರೆ ಮರದ ಕೊಂಬೆ ಮೇಲೆ ಕೂತ ಸಣ್ಣ ಹುಳುಗಳು ತಮ್ಮ ಸುತ್ತ ಕಟ್ಟಿಕೊಳ್ಳೋ ಗೂಡು. ಪಾರ್ಸೆಲ್ ಮೇಲೆ ಸೀಲ್ ಹಾಕ್ತಿದ್ದ ಕೆಂಪು ಅರಗು, ಚನ್ನಪಟ್ಟಣದ ಗೊಂಬೆಯ ಹೊಳಪು, ಎರಡರ ಮೂಲವೂ ಅದೇ. ನಮ್ಮ ಕಡೆ ಅದಕ್ಕೆ ಇಷ್ಟದ ಮರ ಜಾಲಾರಿ, ದೇವರಾಯನದುರ್ಗದ ಕಾಡಲ್ಲಿ ಕಾಣಸಿಗುತ್ತೆ. ಆದ್ರೆ ಕಾಡಿಗೆ ಕೈ ಹಾಕೋದು ಬೇಡ. ನಮ್ಮ ಬುಕ್ಕಾಪಟ್ಟಣದ ಕಾಡು 2019ರಿಂದ ಚಿಂಕಾರ ವನ್ಯಜೀವಿಧಾಮ, ಒಂದು ಕಡ್ಡಿಯನ್ನೂ ತರೋ ಹಾಗಿಲ್ಲ. ಅರಗು, ರಾಳ ಎರಡೂ ಗ್ರಂಥಿಗೆ ಅಂಗಡಿಯಲ್ಲಿ ಕೇಳಿ.

ಬೇಕಾದದ್ದು: ಗೇಣುದ್ದದ, ಹಿಡಿಗೆ ಸರಿಯಾದ ಮರದ ತುಂಡು. ಹಳೇ ಗುದ್ದಲಿ ಕಾವಾದ್ರೂ ಸರಿ. ಒಂದು ತುದಿಯನ್ನ ಸಪಾಟಾಗಿ ಕುಯ್ದು, ಅದರ ಮೇಲೆ ಗರಗಸದಿಂದ ಅಡ್ಡ ಉದ್ದ ಗೀರು ಹಾಕಿ. ಅರಗು ಕಚ್ಚಿಕೊಳ್ಳಲು ಅದು ಬೇರು.

ಪಾಕ: ರಾಳ ಒಂದು ಪಾಲು, ಬಟ್ಟೆಯಲ್ಲಿ ಜಾಲಿಸಿದ ಇಟ್ಟಿಗೆ ಪುಡಿ ಸುಮಾರು ಅಷ್ಟೇ, ಅಡುಗೆ ಎಣ್ಣೆ ಕೆಲವು ಹನಿ. ಅರಗು ಸಿಕ್ಕಿದ್ರೆ ರಾಳದ ಅರ್ಧಕ್ಕೆ ಅದನ್ನ ಹಾಕಿ. ಹಳೇ ಡಬ್ಬಿಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಪುಡಿಯನ್ನ ಸ್ವಲ್ಪ ಸ್ವಲ್ಪವೇ ಬೆರೆಸಿ. ಪುಡಿ ಚೆನ್ನಾಗಿ ಒಣಗಿರಬೇಕು, ಹಸಿ ಇದ್ರೆ ಪಾಕ ಉಕ್ಕಿ ಸಿಡಿಯುತ್ತೆ.

ಅರಗಿನ ಮನೆ ಕಥೆ ನೆನಪಿದೆ ತಾನೆ? ಇದು ಉರಿಯೋ ವಸ್ತು. ಅಂಗಳದಲ್ಲಿ ಮಾಡಿ, ಡಬ್ಬಿಗೊಂದು ಮುಚ್ಚಳ ಕೈಗೆಟುಕುವ ಹಾಗಿರಲಿ. ಬೆಂಕಿ ಹತ್ತಿದ್ರೆ ಮುಚ್ಚಿ. ನೀರು ಹಾಕಲೇಬೇಡಿ.

ಪರೀಕ್ಷೆ: ಒಂದು ಹನಿ ಕಲ್ಲಿನ ಮೇಲೆ ಬಿಟ್ಟು ಆರಿಸಿ, ಉಗುರಿನಿಂದ ಒತ್ತಿ. ನಿಧಾನವಾಗಿ ಗುರುತು ಬಿದ್ರೆ ಹದ. ಚಟ್ ಅಂತ ಸೀಳಿದ್ರೆ ಎಣ್ಣೆ ಸಾಲದು. ಜಿಗುಟಾಗಿ ಅಂಟಿದ್ರೆ ಪುಡಿ ಸಾಲದು. ಬೇಸಿಗೆಗೆ ಪುಡಿ ಹೆಚ್ಚು, ಚಳಿಗೆ ಎಣ್ಣೆ ಹೆಚ್ಚು.

ಕಡ್ಡಿಯ ತುದಿಗೆ ಪಾಕ ಮೆತ್ತಿ, ಲೋಹದ ತುಂಡನ್ನ ಸ್ವಲ್ಪ ಬಿಸಿ ಮಾಡಿ ಅದರ ಮೇಲೆ ಕೂರಿಸಿ. ತಣ್ಣನೆಯ ಲೋಹ ಅಂಟಲ್ಲ. ಕೆಲಸ ಮುಗಿದ ಮೇಲೆ ಮತ್ತೆ ತುಸು ಬಿಸಿ ಮಾಡಿದ್ರೆ ಬಿಟ್ಟುಕೊಳ್ಳುತ್ತೆ. ಉಳಿದ ಅಂಟಿಗೆ ಸ್ಪಿರಿಟ್ ಬಟ್ಟೆ ಸಾಕು, ಒಲೆಯಿಂದ ದೂರ.

ಭಾಗ 7/8 – ಎರಡನೆಯದು, ಮೂರನೆಯದು: ಮರಳಿನ ದಿಂಬು, ಬೆಣೆ ಇಕ್ಕಳ

ಕಡ್ಡಿ ಸಣ್ಣ ತುಂಡಿಗೆ. ಅಂಗೈ ಅಗಲದ ತಗಡಿಗೆ ದಿಂಬು ಬೇಕು.

ನಮ್ಮ ಶಿರಾ ಸೀಮೆಯ ಮನೆಗಳಲ್ಲಿ ಹರಿದ ಕುರಿ ಕಂಬಳಿಯ ತುಂಡೊಂದು ಎಲ್ಲಾದ್ರೂ ಸಿಕ್ಕೇ ಸಿಗುತ್ತೆ. ಇಲ್ಲಾಂದ್ರೆ ಹಳೇ ಜೀನ್ಸ್ ಪ್ಯಾಂಟ್. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದಾಗಿ ಎರಡು ದುಂಡು ಕತ್ತರಿಸಿ, ಒಳಗೆ ಗಟ್ಟಿ ಬಟ್ಟೆಯ ಅಸ್ತರಿ ಕೊಟ್ಟು, ಎರಡು ಸುತ್ತು ಹೊಲಿಗೆ ಹಾಕಿ. ಮರಳನ್ನ ಜರಡಿ ಹಿಡಿದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತುಂಬಿ. ಪೂರ್ತಿ ಬಿಗಿ ಬೇಡ, ಅಂಗೈ ಒತ್ತಿದ್ರೆ ಗುಂಡಿ ಬೀಳುವಷ್ಟು ಸಡಿಲ ಇರಲಿ.

ಇದರ ಮೇಲೆ ಒಂದು ಸಣ್ಣ ಹಲಗೆ. ಹಲಗೆಗೆ ತಗಡನ್ನ ಎರಡು ಬದಿ ಅಂಟೋ ಟೇಪಿನಿಂದ ಕೂರಿಸಿ, ಅಂಚಿಗೆ ತಾಗಿಸಿ ನಾಲ್ಕು ಗಿಡ್ಡ ಮೊಳೆ ಹೊಡೆಯಿರಿ. ಮೊಳೆಯ ತಲೆ ತಗಡಿಗಿಂತ ಮೇಲೆ ಬರದಿರಲಿ, ಉಳಿ ಬಡಿಯುತ್ತೆ. ಈಗ ಹಲಗೆಯ ಅಂಚು ಹಿಡಿದು ತಿರುಗಿಸಿ ನೋಡಿ. ಎಷ್ಟು ಹಗುರ! ಬಲಗೈ ಉಳಿಯನ್ನ ಒಂದೇ ದಿಕ್ಕಿಗೆ ತಳ್ಳಲಿ, ಎಡಗೈ ಹಲಗೆಯನ್ನ ತಿರುಗಿಸಲಿ. "ಠ" ಅಕ್ಷರದ ದುಂಡು ಬರೋದು ಹೀಗೆ.

ಉಂಗುರ, ಬೀಗದ ಕೈ, ಪದಕದಂಥವಕ್ಕೆ ಬೆಣೆ ಇಕ್ಕಳ. ಜಾಲಿಯೋ ಬೇವೋ, ಗಟ್ಟಿ ಮರದ ಗೇಣುದ್ದದ ಎರಡು ಪಟ್ಟಿ. ಒಳಮುಖ ಎರಡನ್ನೂ ನಡುವಿನಿಂದ ಒಂದು ತುದಿಯ ಕಡೆಗೆ ಇಳಿಜಾರಾಗಿ ಹೆರೆಯಿರಿ. ಇನ್ನೊಂದು ತುದಿಯ ಒಳಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ. ಎರಡೂ ಪಟ್ಟಿ ಜೋಡಿಸಿ, ನಡುವಿಗೆ ಬಿಗಿಯಾಗಿ ಕೂರೋ ಹಾಗೆ ಹಳೇ ಪೈಪಿನಿಂದ ಕುಯ್ದ ಬಳೆ ತೊಡಿಸಿ. ಟ್ಯೂಬ್ ಇರೋ ಬಾಯಿಗೆ ವಸ್ತು ಇಟ್ಟು, ಇಳಿಜಾರಿನ ಕಡೆ ಮರದ ಬೆಣೆ ಬಡಿಯಿರಿ. ಆ ತುದಿ ಅಗಲ ಆದಷ್ಟೂ ಈ ತುದಿ ಕಚ್ಚಿಕೊಳ್ಳುತ್ತೆ. ಗುದ್ದಲಿಗೆ ಕಾವು ಬಿಗಿ ಮಾಡೋ ಬೆಣೆಯೇ ಇಲ್ಲೂ ಕೆಲಸ ಮಾಡೋದು.

ಯಾವ ಹಿಡಿಕೆ ಆದ್ರೂ ಒಂದೇ ನಿಯಮ: ಉಳಿಯ ಮೂತಿ ಯಾವ ಕಡೆಗಿದೆಯೋ ಆ ಕಡೆ ನಿಮ್ಮ ಬೆರಳು ಇರಬಾರದು. ಅದು ಜಾರುತ್ತೆ. ಇವತ್ತಲ್ಲದಿದ್ರೆ ನಾಳೆ ಜಾರೇ ಜಾರುತ್ತೆ.

ಭಾಗ 8/8 – ಸಿಂಬೆ ಮೇಲಿನ ಕೊಡ

ಇನ್ನು ಆ ಬಾಲ್ ವೈಸ್. ಅದರ ಫೋಟೋ ಎಷ್ಟೋ ದಿನ ನೋಡ್ತಾ ಇದ್ದೆ. ಕೆಳಗೊಂದು ಬಳೆ, ಬಳೆಯ ಮೇಲೆ ದುಂಡು ತಳದ ಭಾರದ ಗುಂಡು, ಗುಂಡಿನ ನೆತ್ತಿಯಲ್ಲಿ ಲೋಹ ಕಚ್ಚೋ ದವಡೆ. ಗುಂಡು ಬಳೆಯೊಳಗೆ ಯಾವ ಕಡೆಗಾದ್ರೂ ವಾಲುತ್ತೆ, ಸುತ್ತ ತಿರುಗುತ್ತೆ, ಆದ್ರೆ ಉರುಳಲ್ಲ.

ಒಂದು ದಿನ ಹಿತ್ತಲಲ್ಲಿ ನೀರಿನ ಬಿಂದಿಗೆ ಕೆಳಗಿದ್ದ ಸಿಂಬೆ ಕಣ್ಣಿಗೆ ಬಿತ್ತು. ದುಂಡು ತಳದ ಕೊಡ ಉರುಳದ ಹಾಗೆ ನಮ್ಮ ಹೆಂಗಸರು ತಲೆ ಮೇಲೂ, ನೆಲದ ಮೇಲೂ ಇಡೋ ಅದೇ ಸಿಂಬೆ. ಬಳೆಯ ಮೇಲೆ ಗುಂಡು. ಎರಡರ ಲೆಕ್ಕ ಒಂದೇ!

ಹೀಗೆ ಮಾಡಿ. ದುಂಡು ತಳದ, ದಪ್ಪ ಕಬ್ಬಿಣದ ಸಣ್ಣ ಬಾಣಲೆ, ಗುಜರಿಯಲ್ಲಿ ಸಿಕ್ಕಿದ್ದಾದ್ರೂ ಸರಿ. ಹಿಡಿಗಳನ್ನ ಕುಯ್ದುಬಿಡಿ. ತಳಕ್ಕೆ ಹಳೇ ನಟ್ಟು, ಬೋಲ್ಟು, ಕಬ್ಬಿಣದ ಚೂರು ತುಂಬಿ. ಭಾರ ಕೆಳಗಿದ್ದಷ್ಟೂ ಅದು ನೆಟ್ಟಗೆ ಕೂರುತ್ತೆ. ಮೇಲೆ ಆರನೇ ಭಾಗದ ಪಾಕ ಹೊಯ್ದು ಆರಿಸಿ. ತೆಂಗಿನ ಹಗ್ಗ ಸುತ್ತಿ ಸಿಂಬೆ ಮಾಡಿ, ಅದರ ಮೇಲೆ ಕೂರಿಸಿ. ಬಾಣಲೆ ಸಿಗದಿದ್ರೆ ದಪ್ಪ ತೆಂಗಿನ ಕರಟದಲ್ಲೇ ಶುರು ಮಾಡಿ, ನಮ್ಮ ಜಿಲ್ಲೆಯಲ್ಲಿ ಕರಟಕ್ಕೆ ಬರವೇ? ತಗಡನ್ನ ಬಿಸಿ ಮಾಡಿ ಪಾಕದ ಮೇಲೆ ಒತ್ತಿ, ತಣಿಯಲು ಬಿಡಿ. ನಿಮ್ಮ ವೈಸ್ ಸಿದ್ಧ.

ಸುಳ್ಳು ಹೇಳಲ್ಲ, ಇದು ಕಾರ್ಖಾನೆಯ ವೈಸ್‌ನಷ್ಟು ಸಲೀಸಲ್ಲ. ಪ್ರತಿ ಸಲ ಕಾಯಿಸಬೇಕು, ಒರೆಸಬೇಕು. ಮುಂದೆ ಕೈ ಪಳಗಿ, ಕೆಲಸ ಸಿಕ್ಕಿ, ದುಡ್ಡು ಬಂದ್ರೆ ಖಂಡಿತ ಕೊಳ್ಳಿ. ಆದ್ರೆ ಕೊಳ್ಳೋ ತನಕ ಕಾಯಬೇಡಿ. ವೀರಣಾಚಾರ್ಯನೂ ಕಾಯಲಿಲ್ಲ.

ಹೋದ ತಿಂಗಳು ಈ ಬಾಣಲೆ ಮೇಲೆ ಒಂದು ಹಿತ್ತಾಳೆ ತುಂಡಿನಲ್ಲಿ ನಮ್ಮ ಅಜ್ಜಿಯ ಹೆಸರು ಕೆತ್ತಿದೆ. ಕೊನೆಯ ಫೋಟೋ ಅದೇ. ಎರಡನೇ ಅಕ್ಷರ ಸೊಟ್ಟ, ಒತ್ತಕ್ಷರ ಅಂಚಿಗೆ ಹೋಗಿ ಮುಟ್ಟಿದೆ. ತಗಡು ತೆಳುವಾಗಿತ್ತು. ಬಿಡಿಸಿ, ಒರೆಸಿ, ತಿರುಗಿಸಿ ನೋಡಿದೆ. ಅಕ್ಷರ ಬೆನ್ನಿಗೂ ಮೂಡಿತ್ತು.

ನಿಮ್ಮ ಮನೆಯ ಚೊಂಬಿನ ಮೇಲೆ ಯಾರ ಹೆಸರಿದೆ? ಕೆಳಗೆ ಬರೆಯಿರಿ, ಎಲ್ಲವನ್ನೂ ಓದ್ತೀನಿ. ನಿಮ್ಮ ಮನೆಯಲ್ಲಿ ಅರಗು ಕಾಯಿಸ್ತಿದ್ದ ಹಿರಿಯರು ಇನ್ನೂ ಇದ್ರೆ, ಅವರ ಪಾಕದ ಅಳತೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಸರಣಿಯನ್ನ ಸೇವ್ ಮಾಡ್ಕೊಳ್ಳಿ, ಕೆತ್ತೋ ಆಸೆ ಇದ್ದೂ ಬೆಲೆ ನೋಡಿ ಸುಮ್ಮನಾದ ಒಬ್ಬರಿಗೆ ಕಳಿಸಿ.

#ಬುಕ್ಕಾಪಟ್ಟಣ #ಶಿರಾ #ಮಧುಗಿರಿ #ತುಮಕೂರು #ತಾಮ್ರಶಾಸನ #ಅರಗು #ಕೈಕೆತ್ತನೆ #ನಮ್ಮಚರಿತ್ರೆ